‘ಆಕಾರಸ್ಮೃತಿ’ ಶಬ್ದ ವಿಮರ್ಶೆ

ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ‘ಶೇಪ್ ಮೆಮೊರಿ’ ಗುಣವನ್ನು ‘ಆಕಾರಸ್ಮೃತಿ’ಯೆಂದು ಕನ್ನಡಿಸುವುದು ಯುಕ್ತವೇ ಎಂಬುದು ವಿಚಾರಣೀಯವಾಗಿದೆ. ಪಾದದ ಕೀಲನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಲ್ಲಿ ಈ ಲೋಹದ ಕೊಂಡಿಯ ಕಾಲುಗಳನ್ನು ಅಗಲಿಸಿ ಎಲುಬುಗಳಲ್ಲಿ ನೆಟ್ಟು ಬಿಟ್ಟರೆ, ಅವು ಒಳಮುಖವಾಗಿ ಮರಳುತ್ತ ಎಲುಬುಗಳನ್ನು ಒತ್ತಿಹಿಡಿಯುವುವು.

ತರ್ಕಸಂಗ್ರಹದಲ್ಲಿ ಸಂಸ್ಕಾರವು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ತ್ರಿವಿಧ. ಸ್ಮೃತಿಗೆ ಕಾರಣವಾದ ಭಾವನೆಯು ಆತ್ಮನಿಷ್ಠ, ಜಡದಲ್ಲಿ ಅದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಬಗ್ಗಿಸಿ ಬಿಟ್ಟ ಹಸಿ ತೆಂಗಿನಗರಿ ಮೊದಲಿನ ನಿಲವಿಗೆ ಬರುವುದು ಸ್ಥಿತಿಸ್ಥಾಪಕದಿಂದಲ್ಲದೆ ನೆನಪಿನಿಂದಲ್ಲ.

ಕಾಸಿದಾಗಲೇ ಪೂರ್ವರೂಪ ತಾಳುವ ಲೋಹಕ್ಕೆ ‘ಸ್ಮೃತಿ’ಯು ಲಕ್ಷಣೆಯಿಂದ ಸಂದೀತು, ಬಿಟ್ಟೊಡನೆ ಮರಳುವ ಕೊಂಡಿಗೆ ಸಲ್ಲದು. ಪರೀಕ್ಷೆಯಲ್ಲಿ ಕೃತಕ ಎಲುಬಿನ ತುಂಡುಗಳನ್ನು ಕೊಂಡಿಯಿಂದ ಜೋಡಿಸಿ, ಭಾರ ಹೇರಿ ಸಂದನ್ನು ತೆರೆಯಿಸಿ, ಭಾರವಿಳಿಸಿದ ಮೇಲೆ ಒತ್ತಡವೆಷ್ಟು ಉಳಿಯಿತೆಂದು ನೋಡುವರು. ಅಲ್ಲಿ ಅಳೆಯುವುದು ಬಲವನ್ನು, ಸ್ಮರಣೆಯನ್ನಲ್ಲ. ಭೌತಶಾಸ್ತ್ರದ ಪಠ್ಯಗಳಲ್ಲಿ ‘ಸ್ಥಿತಿಸ್ಥಾಪಕತ್ವ’ವು ಆಗಲೇ ರೂಢವಾಗಿರಲು, ಈ ಕೊಂಡಿಗೆ ‘ಅತಿಸ್ಥಿತಿಸ್ಥಾಪಕ’ವೆಂಬ ವಿಶೇಷಣವೇ ಸಾಧು.