ಅಲ್ಪ ಪಣದ ದ್ಯೂತ: ಒಂದು ಪ್ರವಾಸಲೇಖನದ ವಿಮರ್ಶೆ

ಬಸದಿಯೊಂದರ ವಾರ್ಷಿಕ ಸ್ಮರಣ ಸಂಚಿಕೆಯಲ್ಲಿ ಈಚೆಗೆ ಪ್ರಕಟವಾದ ಪ್ರವಾಸಲೇಖನವೊಂದು ನಮ್ಮ ಸಮಾಜದ ಹಲವು ಮನೆಗಳಲ್ಲಿ ಚರ್ಚೆಗೆ ಎಡೆಗೊಟ್ಟಿದೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಯುವಕರೊಬ್ಬರು ನಿವೃತ್ತರಾದ ತಮ್ಮ ತಂದೆಯವರನ್ನು ಲಾಸ್ ವೇಗಾಸ್ ನಗರಕ್ಕೆ ಕರೆದೊಯ್ದು, ಅಲ್ಲಿನ ಕ್ಯಾಸಿನೊ ಒಂದರಲ್ಲಿ ಮೂರು ಸಂಜೆ ಅವರೊಡನೆ ಕುಳಿತು ಪೋಕರ್ ಆಡಿದ ಅನುಭವವನ್ನು ಅದರಲ್ಲಿ ನಿರೂಪಿಸಿದ್ದಾರೆ. ಆ ಬಸದಿಯ ಆಡಳಿತ ಸಮಿತಿಯಲ್ಲಿ ನಾನೂ ಒಬ್ಬನು. ಲೇಖನದ ಜೊತೆಗೆ 140 ಡಾಲರುಗಳ ಕಾಣಿಕೆಯೂ ಬಂದಿತ್ತಾದ ಕಾರಣ ನನಗೆ ಇದನ್ನು ಎರಡು ಬಾರಿ ಓದಬೇಕಾಯಿತು. ಲೇಖಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಸಜ್ಜನ ಕುಟುಂಬ, ನನ್ನ ಆಕ್ಷೇಪವಿರುವುದು ಬರಹದ ಮೇಲೆ.

ಬರಹವು ಸೊಗಸಾಗಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ತಂದೆಯವರ ಮಿತಭಾಷೆ, ಹಗಲಿರುಳುಗಳ ಭೇದವೇ ತಿಳಿಯದ ಆ ಭವನಗಳು, ಶಾಕಾಹಾರಕ್ಕಾಗಿ ಇಬ್ಬರೂ ಬೀದಿ ಬೀದಿ ಅಲೆದದ್ದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲು ತಂದೆಯವರು ಗಡಿಯಾರ ನೋಡುತ್ತಿದ್ದುದು, ಇವೆಲ್ಲ ಹೃದ್ಯವಾಗಿ ಮೂಡಿವೆ. ರಾತ್ರಿಭೋಜನ ತ್ಯಾಗದ ನಿಯಮವನ್ನು ನೆವಾಡಾದ ಮರುಭೂಮಿಯಲ್ಲೂ ಬಿಡದ ಹಿರಿಯರು ಊಟ ಮುಗಿಸಿ ನೇರವಾಗಿ ದ್ಯೂತದ ಮೇಜಿಗೆ ಹೋಗಿ ಕುಳಿತರೆಂಬುದರಲ್ಲಿರುವ ವೈಚಿತ್ರ್ಯ ಮಾತ್ರ ಲೇಖಕರ ಗಮನಕ್ಕೆ ಬಂದಂತಿಲ್ಲ. "ಬಾ, ಒಂದು ಗಂಟೆ ಕೂರೋಣ" ಎಂದು ಕರೆದವರು ತಂದೆಯವರೇ. ಧರ್ಮರಾಯನೂ ಹಿರಿಯರ ಕರೆಗೆ ಓಗೊಟ್ಟೇ ದ್ಯೂತಸಭೆಗೆ ಹೋದವನಲ್ಲವೆ?

ಆಟದ ಕ್ರಮವನ್ನರಿಯದ ವಾಚಕರಿಗಾಗಿ ಎರಡು ಮಾತು. ಟೆಕ್ಸಾಸ್ ಹೋಲ್ಡೆಮ್ ಎಂಬ ಈ ಪೋಕರ್ ಪ್ರಭೇದದಲ್ಲಿ ಒಬ್ಬೊಬ್ಬ ಆಟಗಾರನಿಗೆ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಅನಂತರ ಮೇಜಿನ ನಡುವೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಮತ್ತೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಈ ಏಳರಲ್ಲಿ ಶ್ರೇಷ್ಠವಾದ ಐದನ್ನು ಹೊಂದಿಸಿಕೊಂಡವನದು ಗೆಲುವು. ಹಂತ ಹಂತಕ್ಕೂ ಪಣ ಕಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆ ಚೆಲ್ಲಿ ಹಿಂದೆ ಸರಿಯಬಹುದು. ಮಿಕ್ಕವರೆಲ್ಲ ಹಿಂದೆ ಸರಿದರೆ ಕೈಯಲ್ಲಿ ಏನೂ ಇಲ್ಲದವನೂ ರಾಶಿಯನ್ನು ಬಾಚಿಕೊಳ್ಳಬಹುದು. ತನ್ನ ಎಲೆಗಳನ್ನು ಅವನು ತೋರಿಸಬೇಕಾಗಿಲ್ಲ. ಈ ಕೊನೆಯ ನಿಯಮವೇ ಆಟದ ಪ್ರಾಣ. ಇಲ್ಲದ ಬಲವನ್ನು ಇದೆಯೆಂದು ನಂಬಿಸುವುದು, ಇರುವ ಬಲವನ್ನು ಇಲ್ಲವೆಂದು ತೋರುವುದು, ಇವುಗಳನ್ನು ಬಿಟ್ಟರೆ ಉಳಿಯುವುದು ಬರಿಯ ಎಲೆ ಹಂಚಿಕೆ. ಇವರು ಕುಳಿತದ್ದು ಅಲ್ಲಿನ ಅತ್ಯಂತ ಕಿರಿಯ ಪಣದ ಮೇಜುಗಳಲ್ಲೊಂದು: ಆಟಕ್ಕೆ ಮೊದಲು ಸರದಿಯಂತೆ ಒಬ್ಬನು ಒಂದು ಡಾಲರನ್ನೂ ಇನ್ನೊಬ್ಬನು ಮೂರು ಡಾಲರನ್ನೂ ಕಡ್ಡಾಯವಾಗಿ ಮುಂದಿಡಬೇಕು. ಮೂರು ದಿನಕ್ಕೆ ತಲಾ ಐದುನೂರು ಡಾಲರ್, ಅದು ಮುಗಿದರೆ ಏಳುವುದು ಎಂದು ಇಬ್ಬರೂ ನಿಶ್ಚಯಿಸಿಕೊಂಡಿದ್ದರು. ನಿಶ್ಚಯದಂತೆಯೇ ನಡೆದುಕೊಂಡರು.

ಲೇಖಕರ ಸಮರ್ಥನೆಯ ಮೊದಲ ಆಧಾರ ಈ ಮಿತಿಯೇ. ಒಂದು ಸಂಗೀತ ಕಛೇರಿಗೋ ನಾಟಕಕ್ಕೋ ಅಷ್ಟೇ ಹಣ ಆಗುತ್ತಿತ್ತು, ಆದುದರಿಂದ ಇದು ಜೂಜಲ್ಲ, ವಿನೋದದ ವೆಚ್ಚ ಎಂಬುದು ಅವರ ವಾದ. ಈ ವಾದವನ್ನು ನಮ್ಮ ಪ್ರವಚನಕಾರರು ಸಾಮಾನ್ಯವಾಗಿ ಎದುರಿಸುವ ರೀತಿ ನನಗೆ ಸಮಾಧಾನ ಕೊಡುವುದಿಲ್ಲ. ಸಪ್ತವ್ಯಸನಗಳಲ್ಲಿ ದ್ಯೂತ ಮೊದಲನೆಯದು, ಧರ್ಮರಾಯ ರಾಜ್ಯ ಕಳೆದುಕೊಂಡ, ನೀವೂ ಕಳೆದುಕೊಳ್ಳುವಿರಿ ಎಂದು ಅವರು ಹೆದರಿಸುತ್ತಾರೆ. ಕಳೆದುಕೊಂಡವರು ಉಂಟು. ಫ್ರೆಡರಿಕ್ ಬಾರ್ತಲ್ಮಿ, ಸ್ಟೀವನ್ ಬಾರ್ತಲ್ಮಿ ಎಂಬ ಅಮೆರಿಕದ ಲೇಖಕ ಸೋದರರು ತಂದೆತಾಯಿಗಳ ಮರಣಾನಂತರ ಮಿಸಿಸಿಪಿ ತೀರದ ಕ್ಯಾಸಿನೊಗಳಲ್ಲಿ ಪಿತ್ರಾರ್ಜಿತವನ್ನೂ ಸೇರಿಸಿ ಎರಡೂವರೆ ಲಕ್ಷ ಡಾಲರಿಗೂ ಮಿಕ್ಕಿ ಸೋತು, ಆ ಕಥೆಯನ್ನು 1999ರಲ್ಲಿ ಗ್ರಂಥವಾಗಿಯೇ ಬರೆದರು. ಆದರೆ ಅಂಥ ದೃಷ್ಟಾಂತವನ್ನು ಈ ತಂದೆಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ. ಇವರು ಹಾಳಾಗಲಿಲ್ಲ, ಹಾಳಾಗುವ ಲಕ್ಷಣವೂ ಕಾಣುತ್ತಿಲ್ಲ. ಹಾಳಾಗದವರಿಗೆ ಹೇಳಲು ನಮ್ಮ ಶ್ರಾವಕಾಚಾರದಲ್ಲಿ ಏನೂ ಇಲ್ಲವೆ ಎಂಬುದೇ ಪ್ರಶ್ನೆ.

ಇದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ ದ್ಯೂತತ್ಯಾಗದ ಅತಿಚಾರವನ್ನು ಹೇಳುವಾಗ, ಮನೋವಿನೋದಕ್ಕಾಗಿ ಕಟ್ಟುವ ಪಂದ್ಯವನ್ನೂ ದೋಷವೆಂದೇ ಗಣಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಧನನಾಶವಲ್ಲ. ಹರ್ಷ ಮತ್ತು ಅಮರ್ಷಗಳು ಅದರಿಂದ ಉದಯಿಸುತ್ತವೆ, ಕಷಾಯವು ಪಾಪಕ್ಕೆ ಹೇತು ಎಂಬುದು. ಅಮೃತಚಂದ್ರಸೂರಿಯು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ದ್ಯೂತವನ್ನು ಮಾಯೆಯ ಮನೆಯೆಂದು ಕರೆದಿದ್ದಾನೆ. ಲೋಭದ ಮನೆ ಎನ್ನಬಹುದಾಗಿದ್ದ ಕಡೆ ಮಾಯೆಯನ್ನು ಹೆಸರಿಸಿರುವುದನ್ನು ವಾಚಕರು ಗಮನಿಸಬೇಕು. ಪಣವನ್ನು ಕಿರಿದುಗೊಳಿಸಿದರೆ ಲೋಭ ಕಿರಿದಾಗುತ್ತದೆ, ನಿಜ. ಆದರೆ ಮೂರು ಡಾಲರಿನ ಆಟದಲ್ಲೂ ಮೂರು ಸಾವಿರ ಡಾಲರಿನ ಆಟದಲ್ಲೂ ಎದುರಾಳಿಯನ್ನು ವಂಚಿಸಲು ಮುಖವನ್ನು ಸಜ್ಜುಗೊಳಿಸುವ ಕೆಲಸ ಒಂದೇ.

ಎರಡನೆಯ ವಾದ ಕೌಶಲದ್ದು. ಕೌಶಲವೋ ಅದೃಷ್ಟವೋ ಎಂಬ ವಿಚಾರ ನ್ಯಾಯಾಲಯಗಳಿಗೆ ಬೇಕಾದದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ 2025ರ ಕಾಯಿದೆಯಲ್ಲಿ ನಮ್ಮ ಸಂಸತ್ತು ಆ ಭೇದವನ್ನೇ ಕೈಬಿಟ್ಟಿತು. ನೆವಾಡಾದಲ್ಲಿ 1931ರಿಂದ ಜೂಜು ನ್ಯಾಯಸಮ್ಮತ. ಅಲ್ಲಿ ಇವರು ಕಾನೂನು ಮುರಿದಿಲ್ಲ, ಅಷ್ಟು ಸಾಕು.

ಮೂರನೆಯ ವಾದವೇ ಮುಖ್ಯವಾದುದು, ಓದುಗರ ಕಣ್ಣನ್ನು ತೇವಗೊಳಿಸಿದ್ದೂ ಅದೇ. ಮೂವತ್ತು ವರ್ಷಗಳಲ್ಲಿ ತಂದೆಯೂ ತಾವೂ ಹೀಗೆ ಗಂಟೆಗಟ್ಟಲೆ ಎದುರುಬದುರು ಕುಳಿತದ್ದಿಲ್ಲ, ಆ ಮೇಜು ತಮಗೆ ತಂದೆಯನ್ನು ಮರಳಿ ಕೊಟ್ಟಿತು ಎನ್ನುತ್ತಾರೆ ಲೇಖಕರು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ, ದಿನವಿಡೀ ಕಿಟಕಿಯ ಬಳಿ ಕುಳಿತು ಹಿಂದಿರುಗಿದ ಹಿರಿಯರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ! ಆದರೆ ಲೇಖಕರು ತಮಾಷೆಯಾಗಿ ಹೇಳಿ ಮುಂದೆ ಸಾಗಿದ ಒಂದು ಪ್ರಸಂಗದಲ್ಲಿ ನಾನು ನಿಂತುಬಿಟ್ಟೆನು.

ಎರಡನೆಯ ಸಂಜೆ ಉಳಿದವರೆಲ್ಲ ಎಲೆ ಚೆಲ್ಲಿ, ತಂದೆ ಮಗ ಇಬ್ಬರೇ ಆಟದಲ್ಲಿ ಉಳಿದರು. ಮೇಜಿನ ಮೇಲೆ ರಾಜ, ಏಳು, ನಾಲ್ಕು, ಗುಲಾಮ, ಎರಡು. ಮಗನ ಕೈಯಲ್ಲಿ ಎಕ್ಕ ಮತ್ತು ಏಳು. ಎಂದರೆ ಏಳರ ಜೋಡಿ, ಮಧ್ಯಮ ಬಲ. ತಂದೆಯವರು ಅರುವತ್ತು ಡಾಲರು ಮುಂದಕ್ಕೆ ತಳ್ಳಿದರು. ಅವರಲ್ಲಿ ರಾಜನಿದ್ದರೆ ಮಗ ಸೋತಂತೆ. ಆಗ ತಂದೆಯವರು ಕನ್ನಡಕದ ಕಡ್ಡಿಯನ್ನು ಒಮ್ಮೆ ಮುಟ್ಟಿಕೊಂಡರು. ಮಗ ಕಾಲೇಜು ಶುಲ್ಕ ಕೇಳಿದಾಗಲೆಲ್ಲ "ಇದೆಯಪ್ಪ, ಯೋಚಿಸಬೇಡ" ಎನ್ನುತ್ತಾ ಅವರು ಹೀಗೆಯೇ ಕನ್ನಡಕ ಮುಟ್ಟಿಕೊಳ್ಳುತ್ತಿದ್ದರಂತೆ, ಹಣ ಇರುತ್ತಿರಲಿಲ್ಲ. ಮಗನಿಗೆ ಅದು ನೆನಪಾಯಿತು. ಪಣವನ್ನು ಸರಿಗಟ್ಟಿದರು. ತಂದೆಯವರ ಎಲೆಗಳು ಐದು ಮತ್ತು ಆರು, ಏನೂ ಅಲ್ಲ. ಮಗ ರಾಶಿಯನ್ನು ಬಾಚಿಕೊಂಡರು, ತಂದೆ ನಕ್ಕರು. ರಾತ್ರಿ ಕೋಣೆಯಲ್ಲಿ "ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಾಗ, "ಅಪ್ಪಾಜಿ, ನಿಮ್ಮ ಕನ್ನಡಕ" ಎಂದು ಮಗ ಹೇಳಿದರು. ಮರುದಿನ ತಂದೆಯವರು ಕನ್ನಡಕವನ್ನು ಜೇಬಿನಲ್ಲಿಟ್ಟು, ಎಲೆಗಳನ್ನು ಕಣ್ಣ ಹತ್ತಿರ ಹಿಡಿದು ಆಡಿದರು ಎಂಬಲ್ಲಿಗೆ ಪ್ರಸಂಗ ಮುಗಿಯುತ್ತದೆ.

ಬಡತನವನ್ನು ಮಗನಿಂದ ಮುಚ್ಚಿಡಲು ಒಬ್ಬ ತಂದೆ ಮಾಡಿಕೊಂಡ ಸನ್ನೆ ಅದು. ಅದನ್ನು ಕಂಡುಕೊಂಡದ್ದು ಮಗನ ಪ್ರೀತಿ. ಆ ಅರಿವನ್ನು ಅರುವತ್ತು ಡಾಲರಿಗೆ ವೆಚ್ಚ ಮಾಡಲಾಯಿತು. ಲೇಖಕರು ಇದನ್ನು ಸಾಮೀಪ್ಯವೆಂದು ಕರೆಯುತ್ತಾರೆ. ಮರುದಿನ ಎದುರಿಗೆ ಕುಳಿತ ತಂದೆ ಮಗನಿಂದ ತನ್ನ ಮುಖವನ್ನು ಕಾಪಾಡಿಕೊಳ್ಳುವ ಮನುಷ್ಯನಾಗಿದ್ದರೆಂಬುದನ್ನು ಅವರೇ ಬರೆದಿದ್ದಾರೆ, ಆದರೆ ಓದಿಕೊಂಡಿಲ್ಲ.

ಹಾಗಾದರೆ ಮಗ ಸುಮ್ಮನೆ ಎಲೆ ಚೆಲ್ಲಿ ತಂದೆಯನ್ನು ಗೆಲ್ಲಿಸಬಹುದಿತ್ತಲ್ಲವೆ? ಇಲ್ಲ. ಪೋಕರ್ ಕೋಣೆಯ ಶಿಸ್ತಿನಂತೆ ಪ್ರತಿಯೊಬ್ಬನೂ ತನಗಾಗಿ ಮಾತ್ರ ಆಡತಕ್ಕದ್ದು. ಬಂಧುಮಿತ್ರರೊಡನೆ ಬೇಕೆಂದೇ ಮೃದುವಾಗಿ ಆಡುವುದು ಇತರ ಆಟಗಾರರಿಗೆ ಬಗೆಯುವ ಮೋಸ. ಪಂದ್ಯಾವಳಿಗಳಲ್ಲಿ ಅದಕ್ಕೆ ದಂಡನೆಯುಂಟು. ನಿಯಮ ನ್ಯಾಯವಾದದ್ದೇ. ಒಂದೇ ಮನೆಯ ಇಬ್ಬರು ಒಬ್ಬರನ್ನೊಬ್ಬರು ಕಾಯ್ದುಕೊಂಡರೆ ಮೇಜಿನ ಉಳಿದ ಏಳು ಮಂದಿ ವಂಚಿತರಾಗುತ್ತಾರೆ. ಎಂದ ಮೇಲೆ ಅಲ್ಲಿ ಮಗನಿಗಿದ್ದ ದಾರಿಗಳು ಎರಡೇ: ತಂದೆಯನ್ನು ಕಾಯ್ದು ಅಪರಿಚಿತರನ್ನು ವಂಚಿಸುವುದು, ಇಲ್ಲವೆ ಅಪರಿಚಿತರಿಗೆ ಪ್ರಾಮಾಣಿಕನಾಗಿ ತಂದೆಯ ಮೇಲೆ ಮಾಯೆಯನ್ನು ಪ್ರಯೋಗಿಸುವುದು. ಪುತ್ರವಾತ್ಸಲ್ಯವೂ ಪಿತೃಭಕ್ತಿಯೂ ಅಪರಾಧವಾಗುವ ಸ್ಥಳವನ್ನು ತಂದೆಮಕ್ಕಳ ಸಮಾಗಮಕ್ಕೆ ಆರಿಸಿಕೊಂಡದ್ದು ಸರಿಯೆ?

ಎಲ್ಲರೂ ಒಪ್ಪಿಯೇ ಕುಳಿತಿರುವುದರಿಂದ ಅಲ್ಲಿ ವಂಚನೆ ಎಂಬ ಪದವೇ ಸಲ್ಲದು ಎಂದು ಕೆಲವರು ನನ್ನೊಡನೆ ವಾದಿಸಿದರು. ಬ್ಯಾಡ್ಮಿಂಟನ್ ಆಟದಲ್ಲೂ ಎದುರಾಳಿಯ ಕಣ್ಣು ತಪ್ಪಿಸುತ್ತಾರಲ್ಲ ಎಂದರು ಒಬ್ಬ ಅಧ್ಯಾಪಕ ಮಿತ್ರರು. ಮಾತಿನಲ್ಲಿ ತಥ್ಯವಿದೆ, ಅದನ್ನು ಅಸತ್ಯವಚನವೆಂದು ನಾನೂ ಹೇಳಲಾರೆ. ಆದರೆ ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಹಿಂಸೆಯನ್ನು ಲಕ್ಷಿಸುವಾಗ ಕರ್ತೃವಿನ ಪ್ರಮತ್ತಯೋಗವನ್ನೇ ಮೊದಲು ಇಟ್ಟರು. ಎದುರಿನವನ ಸಮ್ಮತಿ ನನ್ನ ಕಷಾಯವನ್ನು ತೊಳೆಯುವುದಿಲ್ಲ. ಬ್ಯಾಡ್ಮಿಂಟನ್ನಿನಲ್ಲಿ ಸೋತವನ ಜೇಬಿನಿಂದ ಏನೂ ಹೋಗುವುದೂ ಇಲ್ಲ.

ಇನ್ನು ಕಾಣಿಕೆಯ ವಿಷಯ. ಮೂರು ದಿನಗಳಲ್ಲಿ ಮಗ ಗೆದ್ದದ್ದು 250 ಡಾಲರು, ತಂದೆ ಸೋತದ್ದು 110. ಉಳಿದ 140ನ್ನು ಒಂದು ದಿನದ ಅಭಿಷೇಕಕ್ಕೆಂದು ಕಳುಹಿಸಿದ್ದಾರೆ. ತಂದೆಮಕ್ಕಳ ನಡುವೆ ಕೈಬದಲಾದದ್ದು ಒಂದಕ್ಕೊಂದು ಸರಿಹೋಯಿತಾದ್ದರಿಂದ ಈ 140 ಪೂರ್ತಿಯಾಗಿ ಅಪರಿಚಿತರದ್ದು. ಅಲ್ಲದೆ ಅಂಥ ಮೇಜಿನಲ್ಲಿ ಕ್ಯಾಸಿನೊ ಪ್ರತಿ ರಾಶಿಯಿಂದ ಸುಮಾರು ಹತ್ತರಲ್ಲೊಂದು ಪಾಲನ್ನು, ಸಾಮಾನ್ಯವಾಗಿ ನಾಲ್ಕೈದು ಡಾಲರಿನ ಮಿತಿಯೊಳಗೆ, ತೆಗೆದುಕೊಳ್ಳುತ್ತದೆ. ಗಂಟೆಗೆ ಇಪ್ಪತ್ತೈದು ಮೂವತ್ತು ಆಟಗಳು ನಡೆಯುವಲ್ಲಿ ಕುಳಿತವರೆಲ್ಲರ ಹಣವೂ ಒಟ್ಟಾಗಿ ಕರಗುತ್ತಲೇ ಇರುತ್ತದೆ. ಒಬ್ಬನು ಲಾಭದೊಡನೆ ಎದ್ದನೆಂದರೆ ಉಳಿದವರು ಅವನ ಲಾಭವನ್ನೂ ಕ್ಯಾಸಿನೊದ ಪಾಲನ್ನೂ ತೆತ್ತಿದ್ದಾರೆಂದೇ ಅರ್ಥ. ಕೊನೆಯ ನಲವತ್ತು ಡಾಲರನ್ನು ತಳ್ಳಿ ಸೋತು, ಟೋಪಿ ತೆಗೆದುಕೊಂಡು ಎದ್ದುಹೋದ ವೃದ್ಧರೊಬ್ಬರು ಲೇಖನದಲ್ಲಿಯೇ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ.

ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಆಶಾಧರನು ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದ್ದಾನೆ. ಆ ಆಧಾರದ ಮೇಲೆ ಹಣವನ್ನು ವಿನಯಪೂರ್ವಕ ಹಿಂದಿರುಗಿಸಬೇಕೆಂದು ನಾನು ಸಮಿತಿಯಲ್ಲಿ ಅಭಿಪ್ರಾಯ ಕೊಟ್ಟೆನು. ಇಬ್ಬರು ಅನುಮೋದಿಸಿದರು. ಆಗ ಸಮಿತಿಯ ಅತ್ಯಂತ ಹಿರಿಯ ಸದಸ್ಯರು, "ಸ್ವಾಮಿ, ಪಂಚಕಲ್ಯಾಣದಲ್ಲಿ ಕಳಶದ ಸವಾಲು ಕೂಗಿದಾಗ ಲಕ್ಷ ಲಕ್ಷ ಬಂತಲ್ಲ, ಅದು ಎಲ್ಲಿಂದ ಬಂತೆಂದು ನಾವು ಯಾರನ್ನಾದರೂ ಕೇಳಿದೆವೇ? ಈ ಹುಡುಗ ಎಲ್ಲಿಂದ ಬಂತೆಂದು ತಾನೇ ಬರೆದು ಕಳುಹಿಸಿದ್ದಾನೆ, ಅದಕ್ಕೆ ಅವನಿಗೆ ಶಿಕ್ಷೆಯೇ?" ಎಂದು ಕೇಳಿದರು. ಷೇರು ಪೇಟೆಯಲ್ಲಿ ದಿನದಿನವೂ ಪಂದ್ಯ ಕಟ್ಟುವ ದಾನಿಗಳ ಹೆಸರುಗಳು ನಮ್ಮ ಶಿಲಾಫಲಕದಲ್ಲಿ ಇರುವುದು ಸಭೆಯಲ್ಲಿದ್ದ ಎಲ್ಲರಿಗೂ ತಿಳಿದದ್ದೇ. ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ನನ್ನ ಅಭಿಪ್ರಾಯವನ್ನು ನಾನು ಹಿಂತೆಗೆದುಕೊಂಡಿಲ್ಲ; ಅವರ ಪ್ರಶ್ನೆಯನ್ನೂ ನಡಾವಳಿಯಲ್ಲಿ ದಾಖಲಿಸುವಂತೆ ಕೇಳಿಕೊಂಡೆನು.

ಹಣವು ಸದ್ಯಕ್ಕೆ ಅನಾಮತ್ತು ಖಾತೆಯಲ್ಲಿದೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಕಳಶದ ಸವಾಲಿನ ಪ್ರಶ್ನೆಯನ್ನು ಇದಕ್ಕಿಂತ ಮೇಲಿನ ಸಾಲಿನಲ್ಲಿ ಸೇರಿಸಲಾಗಿದೆ.