ಕಪ್ಪು ಕಾಳಿನ ಕಾಳಗ
ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ 1970ರ ದಶಕದಲ್ಲಿ ಗಾಟ್ಸೆ ಲೆಟಿಂಗಾ ಮತ್ತು ಸಂಗಡಿಗರು ರೂಪಿಸಿದ ಯುಎಎಸ್‌ಬಿ (ಮೇಲ್ಮುಖ ಹರಿವಿನ, ಆಮ್ಲಜನಕವಿಲ್ಲದ ಕೆಸರುಹಾಸಿನ) ರಿಯಾಕ್ಟರ್‌ನಲ್ಲಿ ನನಗೆ ತೀರಾ ಇಷ್ಟವಾದದ್ದು ಅದರ ತಳದ ಕೆಸರು. ಕಾರ್ಖಾನೆಯ ಕೊಳಕು ನೀರು ಕೆಳಗಿನಿಂದ ಮೆಲ್ಲಗೆ ಮೇಲೇರುತ್ತದೆ. ಗಾಳಿ ಊದುವ ಖರ್ಚಿಲ್ಲ. ಹರಿವಿನಲ್ಲಿ ಕೊಚ್ಚಿಹೋಗದ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡು ಸಾಸಿವೆಯಷ್ಟು ದಪ್ಪದ ಕಪ್ಪು ಕಾಳುಗಳಾಗುತ್ತವೆ.

ಆ ಕಾಳಿನೊಳಗೆ ಬಿಡುವಿಲ್ಲದ ಪೈಪೋಟಿ. ಕೊಳೆ ಒಡೆದಾಗ ಸಿಗುವ ಅಸಿಟೇಟ್‌ಗಾಗಿ ಮೀಥೇನ್ ತಯಾರಿಸುವ ಎರಡು ಕುಲಗಳ ನಡುವೆಯೇ ಜಗಳ. ಅಸಿಟೇಟ್ ಧಾರಾಳವಾಗಿದ್ದಾಗ ಮೆಥನೋಸಾರ್ಸಿನಾ ಬೇಗ ಬೆಳೆದು ಮುಂದಾಗುತ್ತದೆ. ಕಡಿಮೆಯಾದಾಗ ಮೆಥನೋಸೀಟಾದ ಸರದಿ: ಬೆಳವಣಿಗೆ ನಿಧಾನ, ಆದರೆ ಚೂರುಪಾರನ್ನೂ ಬಿಡದು. ಅದರ ಎಳೆಗಳೇ ಗಟ್ಟಿ ಕಾಳಿಗೆ ಹಂದರ. ನನ್ನ ಪಕ್ಷಪಾತ ಈ ನಿಧಾನಸ್ಥನ ಕಡೆಗೇ, ಇರಲಿ.

ಸಲ್ಫೇಟ್ ಹೊಕ್ಕರೆ ಲೆಕ್ಕಾಚಾರವೇ ಬೇರೆ. ಕಾಕಂಬಿ ಡಿಸ್ಟಿಲರಿಗಳ ತ್ಯಾಜ್ಯದಲ್ಲಿ, ನಮ್ಮ ಕಬ್ಬಿನ ಸೀಮೆಯಲ್ಲೂ, ಅದು ಹೇರಳ. ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ನನ್ನು ಮೀಥೇನ್ ಜೀವಿಗಳಿಗೆ ದಕ್ಕದಷ್ಟು ಕೆಳಮಟ್ಟಕ್ಕೆ ಇಳಿಸಿಬಿಡುತ್ತವೆ. ಅನಿಲದ ಇಳುವರಿ ಕುಸಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಎರಡೂ ಪಂಗಡಕ್ಕೆ ವಿಷ. ಅಸಿಟೇಟ್‌ನಲ್ಲಿ ಮಾತ್ರ ಸಲ್ಫೇಟ್ ಬ್ಯಾಕ್ಟೀರಿಯಾಗಳಿಗೆ ಗೆಲುವು ಸಲೀಸಲ್ಲ; ಮೊದಲೇ ಕಾಳುಕಟ್ಟಿ ಕೂತ ಮೆಥನೋಸೀಟಾವನ್ನು ಎಬ್ಬಿಸಲು ತಿಂಗಳುಗಟ್ಟಲೆ ಬೇಕಾಗಬಹುದು. ನೀರಿನ ಸಿಒಡಿ (ಕೊಳೆಯನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಸಲ್ಫೇಟ್‌ನ 10 ಪಟ್ಟಿಗಿಂತ ಹೆಚ್ಚಿದ್ದರೆ ಘಟಕ ನಡೆಸುವವರು ಸಾಮಾನ್ಯವಾಗಿ ನಿಶ್ಚಿಂತರು: ಉಕ್ಕುವ ಜೈವಿಕ ಅನಿಲವೇ ಸಲ್ಫೈಡನ್ನು ಹೊತ್ತೊಯ್ಯುತ್ತದೆ. ಇಲ್ಲವಾದರೆ ತ್ಯಾಜ್ಯವನ್ನು ತೆಳುಮಾಡಬೇಕು, ಇಲ್ಲವೇ ಕಬ್ಬಿಣದ ಲವಣ ಬೆರೆಸಿ ಸಲ್ಫೈಡನ್ನು ಗಸಿಯಾಗಿ ತಳಕ್ಕಿಳಿಸಬೇಕು.