ಒಳ್ಳೆಯ ಪ್ರಶ್ನೆಯ ಕುಸುರಿ

ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಪಬ್ ಕ್ವಿಜ್ ಜೋರು ಹಿಡಿದದ್ದು ಗಿರಾಕಿಗಳಿಲ್ಲದ ರಾತ್ರಿಗಳಿಗೆ ಜನ ಸೇರಿಸಲು. ಬೆಂಗಳೂರಿನ ಕ್ವಿಜ್ ಹುಚ್ಚಿಗೆ ಬಿಯರಿನ ನೆಪ ಬೇಕಾಗಲಿಲ್ಲ; ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲೇ ಶುರುವಾಯಿತು. ಆದರೆ ಎರಡೂ ಕಡೆ ನಾನು ಮೆಚ್ಚುವುದು ಗೆದ್ದವರನ್ನಲ್ಲ, ಪ್ರಶ್ನೆ ಹೆಣೆದವರನ್ನು.

‘ಮತದಾರರ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ?’ ಇದು ಸಪ್ಪೆ. ಗೊತ್ತಿದ್ದವರು ಬರೆಯುತ್ತಾರೆ, ಉಳಿದವರು ಕಡಲೆಬೀಜ ತಿನ್ನುತ್ತಾರೆ. ಅದನ್ನೇ ಹೀಗೆ ಕೇಳಿ ನೋಡಿ: ‘ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಕ್ಕೆಂದು ಹುಟ್ಟಿದ ಮೈಸೂರಿನ ಕಾರ್ಖಾನೆಯ ಸರಕೊಂದು 1962ರಿಂದ ಕೋಟ್ಯಂತರ ಭಾರತೀಯರ ಮೈಗೆ ಅಂಟುತ್ತಾ ಬಂದಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಏನದು?’

ಈಗ ಮೇಜಿನ ಸುತ್ತ ಗುಸುಗುಸು. ಮೈಗೆ ಅಂದಮೇಲೆ ಗಂಧದ ಸೋಪೇ ಇರಬೇಕು ಅನ್ನುತ್ತಾರೆ ಒಬ್ಬರು. ಸಿಲ್ವರ್ ನೈಟ್ರೇಟ್ ಬಿಸಿಲಿಗೆ ಕಪ್ಪಾಗುತ್ತದಲ್ಲ, ಕಪ್ಪಾಗಿಸುವ ಸೋಪು ಯಾರಿಗೆ ಬೇಕು ಅಂತ ಇನ್ನೊಬ್ಬರ ತಕರಾರು. 1962 ಚುನಾವಣೆಯ ವರ್ಷ ಎಂದು ಹೊಳೆದವರು ಸುಮ್ಮನೆ ತಮ್ಮ ಎಡಗೈ ತೋರುಬೆರಳು ಎತ್ತುತ್ತಾರೆ. ಉತ್ತರ ಯಾರಿಗೂ ಮೊದಲೇ ಗೊತ್ತಿರಲಿಲ್ಲ, ಎಲ್ಲರೂ ಸೇರಿ ಹುಡುಕಿದರು. ‘ಮೈಗೆ’ ಎಂಬ ಆ ತುಂಟ ಪದವನ್ನು ಇಟ್ಟವರ ಕೈಚಳಕಕ್ಕೆ ಶಹಬ್ಬಾಸ್ ಅನ್ನಲೇಬೇಕು.

ಇನ್ನು ಉತ್ತರ ನಿಜವೇ ಎಂಬ ಪರಿಶೀಲನೆ. ಅಮೆರಿಕದ ಫ್ರೆಡ್ ವರ್ತ್, ಕದಿಯುವವರನ್ನು ಹಿಡಿಯಲೆಂದೇ ತನ್ನ ಟ್ರಿವಿಯಾ ಕೋಶದಲ್ಲಿ ಟಿವಿ ಧಾರಾವಾಹಿಯ ಪತ್ತೇದಾರ ಕೊಲಂಬೋನ ಮೊದಲ ಹೆಸರು ಫಿಲಿಪ್ ಎಂಬ ಸುಳ್ಳು ಸೇರಿಸಿದ್ದ. ಅದು ‘ಟ್ರಿವಿಯಲ್ ಪರ್ಸೂಟ್’ ಆಟದಲ್ಲಿ ಪ್ರತ್ಯಕ್ಷವಾಯಿತು! ವರ್ತ್ ಕೋರ್ಟಿಗೆ ಹೋದ, ಸೋತ. ಸಂಗತಿಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲವಂತೆ.